ಉಬ್ಬಿದ ಗೋಡೆಗೆ ಬಣ್ಣ ಮದ್ದಲ್ಲ

ಮಳೆಗಾಲ ಮುಗಿಯುತ್ತಿದ್ದಂತೆ ಕರಾವಳಿ, ಮಲೆನಾಡಿನ ಮನೆಗಳಲ್ಲಿ, ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ, ಒಂದೇ ಕೆಲಸ ಶುರುವಾಗುತ್ತದೆ. ಹಪ್ಪಳದಂತೆ ಉಬ್ಬಿದ ಬಣ್ಣ ಕೆರೆಯುವುದು, ಪುಟ್ಟಿ ಎಳೆಯುವುದು, ಮೇಲೆ ಎರಡು ಕೋಟ್ ‘ವಾಟರ್‌ಪ್ರೂಫ್’ ಪೇಂಟು ಹೊಡೆಸುವುದು. ದಸರೆಗೆ ಗೋಡೆ ಹೊಳೆಯುತ್ತದೆ. ಮುಂದಿನ ಆಷಾಢಕ್ಕೆ ಅದೇ ಜಾಗದಲ್ಲಿ ಮತ್ತೆ ಉಬ್ಬು. ಪೇಂಟರ್ ಬೈಸಿಕೊಳ್ಳುತ್ತಾನೆ, ಮುಂದಿನ ಸಲ ಇನ್ನೂ ದುಬಾರಿ ಡಬ್ಬ ಮನೆಗೆ ಬರುತ್ತದೆ. ಒಳ್ಳೆಯ ಬಣ್ಣ ಬಳಿದರೆ ತೇವ ನಿಲ್ಲುತ್ತದೆ ಎಂಬ ಈ ನಂಬಿಕೆ ಎಷ್ಟು ಮನೆಗಳ ದುಡ್ಡು ತಿಂದಿದೆಯೋ!

ನೀರು ಬರುತ್ತಿರುವುದು ಗೋಡೆಯ ಹಿಂದಿನಿಂದ. ಇಟ್ಟಿಗೆ, ಮುರಕಲ್ಲು, ಗಾರೆ ಎಲ್ಲವೂ ನೀರು ಹೀರುವ ವಸ್ತುಗಳೇ. ಹೀರಿದ್ದು ಗಾಳಿ ಸಿಗುವ ಕಡೆಗೆ, ಅಂದರೆ ಕೋಣೆಯ ಕಡೆಗೆ ಸರಿಯುತ್ತದೆ. ಜೊತೆಗೆ ಇಟ್ಟಿಗೆ, ಮರಳು, ಬೋರ್‌ವೆಲ್ ನೀರಿನಲ್ಲಿದ್ದ ಲವಣಗಳನ್ನೂ ಹೊತ್ತು ತರುತ್ತದೆ. ನೀರು ಆರಿದಾಗ ಲವಣ ಹರಳುಗಟ್ಟುತ್ತದೆ. ಆ ಹರಳುಗಳ ಒತ್ತಡಕ್ಕೆ ಬಣ್ಣವಷ್ಟೇ ಅಲ್ಲ, ಗಾರೆಯೂ ಪುಡಿಯಾಗಿ ಉದುರುತ್ತದೆ. ಒಳಗಿನಿಂದ ದಪ್ಪ ಪೊರೆಯ ಬಣ್ಣ ಬಳಿದರೆ ನೀರಿನ ಮೂಲ ಹಾಗೇ ಉಳಿದು, ಆರುವ ದಾರಿ ಮುಚ್ಚುತ್ತದೆ. ಆಗ ನೀರು ಬಣ್ಣವನ್ನು ಕಿತ್ತುಕೊಂಡು ಬರುತ್ತದೆ, ಇಲ್ಲವೇ ಗೋಡೆಯೊಳಗೇ ಮೇಲೇರಿ ಹೊಸ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ. ನೆಲಮಾಳಿಗೆಯಲ್ಲಿ ಹೊರಗೋಡೆ ಅಗೆಯಲಾಗದಿದ್ದಾಗ ಒಳಗಿನಿಂದ ಲೇಪನ ಹಾಕುವುದುಂಟು, ನಿಜ. ಅದು ಗಾರೆ ಕಿತ್ತು ಗೋಡೆಯ ಮೈಗೇ ಹಚ್ಚುವ ಸಿಮೆಂಟ್ ಸ್ಲರಿಯ ಕೆಲಸ. ಬಣ್ಣದ ಅಂಗಡಿಯ ಡಬ್ಬಕ್ಕೂ ಅದಕ್ಕೂ ಸಂಬಂಧವಿಲ್ಲ.

ಮೂಲ ಹುಡುಕುವುದು ಕಷ್ಟವೂ ಅಲ್ಲ. ನೆಲದಿಂದ ಸುಮಾರು 1 ಮೀಟರ್ ಎತ್ತರದವರೆಗೆ ಪಟ್ಟಿಯಂತೆ ಒದ್ದೆಯಿದ್ದರೆ ಪಾಯದ ಮೇಲಿನ ಡಿಪಿಸಿ (ನೆಲದ ತೇವ ಮೇಲೇರದಂತೆ ತಡೆಯುವ ಪದರ) ಕೆಟ್ಟಿದೆ, ಅಥವಾ ಅಂಗಳಕ್ಕೆ ಮಣ್ಣು, ಕಾಂಕ್ರೀಟು ಹಾಕಿ ಹಾಕಿ ಅದರ ಮಟ್ಟವನ್ನೇ ದಾಟಿಸಿದ್ದೀರಿ. ಮಳೆ ಬಂದಾಗ ಮಾತ್ರ ಕಿಟಕಿಯ ಮೂಲೆ ಒದ್ದೆಯಾದರೆ ಹೊರಗಿನ ಗಾರೆಯ ಬಿರುಕು ನೋಡಿ. ಬೇಸಿಗೆಯಲ್ಲೂ ಆರದ ಗೋಡೆಯ ಆಚೆ ಬಚ್ಚಲಿದ್ದರೆ ಪೈಪು ಸೋರುತ್ತಿದೆ, ಇಲ್ಲವೇ ಟೈಲ್ಸಿನ ಸಂದು ಬಿಟ್ಟಿದೆ. ಮೂಲ ಸರಿಪಡಿಸಿದ ಮೇಲೂ 9 ಇಂಚಿನ ಗೋಡೆ ಪೂರ್ತಿ ಆರಲು ತಿಂಗಳುಗಳೇ ಬೇಕು. ವಾರಕ್ಕೇ ಬಣ್ಣ ಹೊಡೆಸಿದರೆ ಮಾಡಿಸಿದ ರಿಪೇರಿಯೂ ವ್ಯರ್ಥ.

ಗೋಡೆಯ ಮೇಲಿನ ಬಿಳಿ ಪುಡಿಯೆಲ್ಲ ಬೂಸ್ಟಲ್ಲ. ನೀರಿನಲ್ಲಿ ಕರಗಿದರೆ ಅದು ಲವಣ, ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕೇ ಹೊರತು ತೊಳೆಯಬಾರದು. ಟೈಲ್ಸ್, ಪಿವಿಸಿ ಹಲಗೆ ತೇವವನ್ನು ಮರೆಮಾಡುತ್ತವೆ, ವಾಸಿ ಮಾಡುವುದಿಲ್ಲ. ಗೃಹಪ್ರವೇಶದ ಮುಹೂರ್ತಕ್ಕೆಂದು ಹಸಿ ಗಾರೆಗೆ ಬಣ್ಣ ಹೊಡೆಸಬೇಡಿ, ಕನಿಷ್ಠ 28 ದಿನ ಬಿಡಿ. ಹಳೆಯ ಮಣ್ಣಿನ ಗೋಡೆಗೆ ಸುಣ್ಣ ಹಳೇಕಾಲದ್ದೆಂದು ಸಿಮೆಂಟ್ ಗಾರೆ, ಪ್ಲಾಸ್ಟಿಕ್ ಪೇಂಟು ಹಾಕಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಸುಣ್ಣ ಗೋಡೆಯ ತೇವವನ್ನು ಆರಲು ಬಿಡುತ್ತಿತ್ತು. ಈಗ ಆ ತೇವ ಗೋಡೆಯೊಳಗೇ ಉಳಿದು ಮಣ್ಣನ್ನು ಮೆತ್ತಗಾಗಿಸುತ್ತದೆ.

ಈಶಾನ್ಯ ಮೂಲೆ ಒದ್ದೆಯಾದರೆ ಮೊದಲು ವಾಸ್ತುವಿನವರನ್ನು ಕರೆಸುವ ಮನೆಗಳಿವೆ. ಅವರು ಹೇಳಿದಂತೆ ಬಾಗಿಲು ಒಡೆಸುತ್ತಾರೆ, ಅದೇ ಮೂಲೆಯ ಮೇಲೆ ತಾರಸಿಯ ನೀರಿನ ಕೊಳವೆಯಲ್ಲಿ ಎಲೆ ಕಟ್ಟಿಕೊಂಡಿರುವುದನ್ನು ಹತ್ತಿ ನೋಡುವುದಿಲ್ಲ. ಜಾಹೀರಾತಿನ ‘10 ವರ್ಷ ಗ್ಯಾರಂಟಿ’ಯನ್ನು ನಂಬುತ್ತಾರೆ, ಒದ್ದೆ ಗೋಡೆಗೆ ಬಳಿದರೆ ಗ್ಯಾರಂಟಿ ಇಲ್ಲ ಎಂಬ ಸಣ್ಣಕ್ಷರದ ಷರತ್ತನ್ನು ಓದುವುದಿಲ್ಲ. ಕಣ್ಣಿಗೆ ಕಾಣುವ ಕಾರಣವನ್ನು ಬಿಟ್ಟು ಹೇಳಿದವರ ಮಾತಿಗೆ ದುಡ್ಡು ಸುರಿಯುವ ಈ ಅಭ್ಯಾಸ ಗೋಡೆಗಷ್ಟೇ ಸೀಮಿತವಾಗಿಲ್ಲ ಎಂಬುದು ಇನ್ನೂ ಬೇಸರದ ಸಂಗತಿ.

ಈ ಸಲ ಗೋಡೆ ಉಬ್ಬಿದರೆ ದಯವಿಟ್ಟು ಮೊದಲು ತಾರಸಿ ಹತ್ತಿ, ಮನೆಯ ಸುತ್ತ ಒಮ್ಮೆ ನಡೆದು ನೋಡಿ, ಪ್ಲಂಬರನ್ನು ಕರೆಸಿ. ಪೇಂಟರನ್ನು ಬೇಸಿಗೆಯಲ್ಲಿ ಕರೆದರೆ ಸಾಕು.