ನವಜಾತ ಶಿಶುವಿನ ಹೃದಯ: ಮೊದಲ ಎರಡು ವಾರಗಳು



ಬಾಣಂತನಕ್ಕೆಂದು ಊರಿನಿಂದ ಬಂದ ಅಜ್ಜಿ, ಮೊಮ್ಮಗುವಿನ ಬೆರಳುಗಳು ನೀಲಿಗಟ್ಟಿದ್ದನ್ನು ಕಂಡು "ಚಳಿಗೆ ಹಾಗಾಗಿದೆ" ಎನ್ನುವುದುಂಟು. ನ್ಯೂಜೆರ್ಸಿಯ ಜನವರಿಯಲ್ಲಿ ಆ ಮಾತು ಬಹುಮಟ್ಟಿಗೆ ಸರಿಯೇ. ಆದರೆ ನಾಲಿಗೆಯೂ ನೀಲಿಯಾಗಿದ್ದರೆ ತಪ್ಪು ಚಳಿಯದಲ್ಲ. ರಕ್ತದಲ್ಲಿ ಆಮ್ಲಜನಕ ಸಾಲದಾಗಿದೆ. ನಮ್ಮ ಮಕ್ಕಳ ಮೈಬಣ್ಣದಲ್ಲಿ ಈ ನೀಲಿ ಬೇಗ ಕಣ್ಣಿಗೆ ಬೀಳುವುದೂ ಇಲ್ಲ.

ಇದಕ್ಕೆ ಕಾರಣವಾಗುವ ಜನ್ಮಜಾತ ದೋಷಗಳಲ್ಲಿ ಮಹಾಧಮನಿಗಳ ಸ್ಥಾನಪಲ್ಲಟ ಒಂದು. ಎಡ ಹೃತ್ಕುಕ್ಷಿಯಿಂದ ಹೊರಡಬೇಕಾದ ಮಹಾಪಧಮನಿ ಬಲದಿಂದಲೂ, ಶ್ವಾಸಕೋಶಕ್ಕೆ ಹೋಗುವ ಧಮನಿ ಎಡದಿಂದಲೂ ಹೊರಟಿರುತ್ತವೆ. ಮಲಿನರಕ್ತ ಮೈಯಲ್ಲೇ ಸುತ್ತುತ್ತದೆ. ಶುದ್ಧರಕ್ತ ಶ್ವಾಸಕೋಶಕ್ಕೇ ಮರಳುತ್ತದೆ. ಗರ್ಭದಲ್ಲಿ ಆಮ್ಲಜನಕವನ್ನು ತಾಯಿಯೇ ಒದಗಿಸುವುದರಿಂದ ಬಾಧೆಯಿಲ್ಲ. ಹುಟ್ಟಿದ ಮೇಲೂ, ಎರಡು ಧಮನಿಗಳನ್ನು ಕೂಡಿಸುವ ಭ್ರೂಣಕಾಲದ ನಾಳವೊಂದು ಎರಡು ಮೂರು ದಿನ ತೆರೆದಿದ್ದು ರಕ್ತವನ್ನು ಬೆರೆಸುತ್ತದೆ. ಅದು ಮುಚ್ಚುವ ವೇಳೆಗೆ ತಾಯಿ, ಮಗು ಮನೆ ಸೇರಿರುತ್ತಾರೆ. ಅಪಾಯವಿರುವುದು ಇಲ್ಲಿಯೇ.

ಆದುದರಿಂದ ನ್ಯೂಜೆರ್ಸಿ ರಾಜ್ಯವು 2011ರ ಆಗಸ್ಟ್ 31ರಿಂದ ಪ್ರತಿ ನವಜಾತ ಶಿಶುವಿನ ಆಮ್ಲಜನಕ ಪ್ರಮಾಣದ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಇದನ್ನು ಜಾರಿಗೆ ತಂದ ಮೊದಲ ರಾಜ್ಯವದು. ನ್ಯೂಯಾರ್ಕ್ 2014ರಲ್ಲಿ ಅನುಸರಿಸಿತು. ಹುಟ್ಟಿ 24 ಗಂಟೆಗಳಾದ ಮೇಲೆ ಬಲಗೈಗೂ ಒಂದು ಪಾದಕ್ಕೂ ಪಟ್ಟಿ ಸುತ್ತಿ ಬೆಳಕಿನಿಂದ ಅಳೆಯುತ್ತಾರೆ. ಸೂಜಿಯಿಲ್ಲ, ನೋವಿಲ್ಲ. ಎಲ್ಲ ಹೃದ್ರೋಗಗಳೂ ಇದರಲ್ಲಿ ಸಿಕ್ಕಿಬೀಳುವುದಿಲ್ಲವೆಂಬುದೂ ನೆನಪಿರಲಿ. ಮಗು ಹಾಲು ಕುಡಿಯುವಾಗ ಏದುಸಿರು ಬಿಟ್ಟು ಬೆವರಿದರೆ, ಪರೀಕ್ಷೆ ಸರಿಯಿತ್ತೆಂದು ಸುಮ್ಮನಿರಬಾರದು.

ದೋಷ ಪತ್ತೆಯಾದರೆ ಪ್ರೋಸ್ಟಗ್ಲಾಂಡಿನ್ ಔಷಧಿ ಕೊಟ್ಟು ಆ ನಾಳವನ್ನು ತೆರೆದಿಡುತ್ತಾರೆ. ಬಳಿಕ ಶಸ್ತ್ರಚಿಕಿತ್ಸೆ. ಬ್ರೆಜಿಲ್ಲಿನ ಅಡಿಬ್ ಜಟೇನೆ 1975ರಲ್ಲಿ ಧಮನಿಗಳನ್ನೇ ಕತ್ತರಿಸಿ ಅದಲುಬದಲು ಮಾಡಿ ಜೋಡಿಸುವಲ್ಲಿ ಯಶಸ್ವಿಯಾದರು. ನ್ಯೂಯಾರ್ಕಿನ ಕೊಲಂಬಿಯಾದಲ್ಲಿ 1990ರಿಂದ ಇದನ್ನು ಬೆಳೆಸಿದವರು ಯಾನ್ ಕ್ವಾಗೆಬರ್. ದೊಡ್ಡ ಧಮನಿಗಳ ಜೋಡಣೆಗಿಂತ ಕಠಿಣವಾದದ್ದು, ಹೃದಯಕ್ಕೇ ರಕ್ತವುಣಿಸುವ ಕರೋನರಿ ಧಮನಿಗಳನ್ನು ಕಿತ್ತು ಹೊಸ ಜಾಗದಲ್ಲಿ ನೆಡುವುದು. ದೊಡ್ಡ ನೆಲ್ಲಿಕಾಯಿಯಷ್ಟಿರುವ ಹೃದಯದ ಮೇಲೆ, ಒಂದೆರಡು ಮಿಲಿಮೀಟರಿನ ನಾಳಗಳು! ಅವು ಸ್ವಲ್ಪ ತಿರುಚಿಕೊಂಡರೂ ಹೃದಯಸ್ನಾಯುವಿಗೆ ರಕ್ತವಿಲ್ಲ.

"ಮಗು ತುಸು ಬಲಿಯಲಿ, ಒಳ್ಳೆಯ ದಿನ ನೋಡೋಣ" ಎನ್ನುವವರುಂಟು. ಇಲ್ಲಿ ಅದು ಸಲ್ಲದು. ಶ್ವಾಸಕೋಶದ ಕಡಿಮೆ ಒತ್ತಡಕ್ಕೆ ಒಗ್ಗಿದ ಎಡ ಹೃತ್ಕುಕ್ಷಿ ಕೆಲವೇ ವಾರಗಳಲ್ಲಿ ಸೊರಗಿ, ಮುಂದೆ ಇಡೀ ಮೈಗೆ ರಕ್ತ ದೂಡಲಾರದು. ಆದ್ದರಿಂದ ಸಾಮಾನ್ಯವಾಗಿ ಮೊದಲ ಎರಡು ವಾರಗಳೊಳಗೇ ಈ ಚಿಕಿತ್ಸೆ. ಒಳ್ಳೆಯ ಕೇಂದ್ರಗಳಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಮಕ್ಕಳು ಬದುಕುತ್ತಾರೆ. ಶಾಲೆಗೆ ಹೋಗುತ್ತಾರೆ, ಆಡುತ್ತಾರೆ. ಹೃದ್ರೋಗತಜ್ಞರ ತಪಾಸಣೆ ಮಾತ್ರ ಜೀವನಪರ್ಯಂತ ನಡೆಯುತ್ತಿರಬೇಕು.