ಗ್ಯಾಸ್ ಅನಲೈಸರ್ ಅಲಾರಂ ಕೊಟ್ಟರೆ ಎಲ್ಲಿಂದ ಹುಡುಕಬೇಕು?

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲಿ, ಹೆಚ್ಚು ಮಾಲಿನ್ಯ ಮಾಡುವ 17 ವರ್ಗದ ಕೈಗಾರಿಕೆಗಳು ತಮ್ಮ ಹೊಗೆಯನ್ನು ಬಿಡುವಿಲ್ಲದೆ ಅಳೆಯುವ ಯಂತ್ರ ಹಾಕಿಕೊಳ್ಳಬೇಕೆಂದು ಸೂಚಿಸಿತು. ಉಕ್ಕು, ಸಿಮೆಂಟ್, ಸಕ್ಕರೆ ಮೂರೂ ಆ ಪಟ್ಟಿಯಲ್ಲಿವೆ. ಸಂಡೂರು ತಾಲ್ಲೂಕಿನ ತೋರಣಗಲ್ಲಿನಂಥ ಕಡೆ ಇನ್‌ಸ್ಟ್ರುಮೆಂಟ್ ವಿಭಾಗದವರಿಗೆ ಈ ಯಂತ್ರದ ಎರಡು ಅಲಾರಂಗಳ ಕಾಟ ಹೆಚ್ಚು: ಹರಿವು ಕಡಿಮೆ, ತಾಪಮಾನ ಸರಿಯಿಲ್ಲ. ಅಲಾರಂ ಬಂದ ಕೂಡಲೇ ಅನಲೈಸರ್ ಪೆಟ್ಟಿಗೆ ಬಿಚ್ಚುವವರಿದ್ದಾರೆ. ದೋಷ ಹೆಚ್ಚಾಗಿ ಇರುವುದು ಪೆಟ್ಟಿಗೆಯ ಹೊರಗೆ, ಅನಿಲ ಬರುವ ದಾರಿಯಲ್ಲಿ.

ಚಿಮಣಿಯೊಳಗಿನ ಪ್ರೋಬ್ ಅನಿಲವನ್ನು ಎಳೆದುಕೊಳ್ಳುತ್ತದೆ. ಅಲ್ಲಿಂದ ಬಿಸಿ ಕೊಳವೆ, ನೀರು ತೆಗೆಯುವ ಕೂಲರ್, ಫಿಲ್ಟರ್, ಪಂಪು, ಹರಿವು ತೋರಿಸುವ ರೋಟಾಮೀಟರ್ ಎಲ್ಲ ದಾಟಿ ಅದು ಅನಲೈಸರ್ ಸೇರುತ್ತದೆ. ಜೋಡಣೆಯ ಕ್ರಮ ಕಂಪನಿಯಿಂದ ಕಂಪನಿಗೆ ಸ್ವಲ್ಪ ಬದಲಾಗಬಹುದು.

ಹರಿವು ಇಳಿದಿದ್ದರೆ ಪ್ರೋಬ್ ಕಡೆಯ ಕೊಳವೆಯನ್ನು ಪಂಪಿನ ಮುಂಚೆ ಬಿಡಿಸಿ, ಪಂಪು ಕೋಣೆಯ ಗಾಳಿ ಎಳೆಯಲು ಬಿಡಿ. ರೋಟಾಮೀಟರಿನ ಗುಂಡು ಮೇಲೆದ್ದರೆ ಪಂಪು ಚೆನ್ನಾಗಿದೆ, ಅಡಚಣೆ ಹಿಂದೆ ಇದೆ: ಪ್ರೋಬ್ ಫಿಲ್ಟರಿನಲ್ಲಿ ಗಟ್ಟಿಯಾದ ಧೂಳು, ಇಲ್ಲವೇ ಮಡಿಚಿಕೊಂಡ ಕೊಳವೆ. ಗುಂಡು ಏಳದಿದ್ದರೆ ಪಂಪಿನ ಡಯಾಫ್ರಾಂ ಹರಿದಿರಬಹುದು, ಪಂಪಿನ ನಂತರವೂ ಫಿಲ್ಟರ್ ಇದ್ದರೆ ಅದು ಒದ್ದೆಯಾಗಿರಬಹುದು. ನಮ್ಮ ಕಡೆಯ ಅದಿರಿನ ಕೆಂಧೂಳು ನೀರು ಸೇರಿದರೆ ಕೆಸರಾಗಿ ಕೂರುತ್ತದೆ. ಆದ್ದರಿಂದ ಫಿಲ್ಟರ್ ಒದ್ದೆಯಿದ್ದರೆ ಅದನ್ನು ಬದಲಿಸಿ ಸುಮ್ಮನಾಗಬಾರದು, ನೀರು ಎಲ್ಲಿಂದ ಬಂತೆಂದು ಹುಡುಕಬೇಕು.

ಹುಡುಕುತ್ತಾ ಹೋದರೆ ಸಾಮಾನ್ಯವಾಗಿ ಕೂಲರಿಗೇ ಬಂದು ನಿಲ್ಲುತ್ತೇವೆ. ಕೂಲರ್ 5 ಡಿಗ್ರಿಯಲ್ಲಿದ್ದರೆ ಒಂದು ಘನ ಮೀಟರ್ ಅನಿಲದಲ್ಲಿ ಉಳಿಯುವುದು ಸುಮಾರು 7 ಗ್ರಾಂ ನೀರಾವಿ. ಬೇಸಿಗೆಯಲ್ಲಿ ಫ್ಯಾನಿನ ಜಾಲರಿಗೆ ಧೂಳು ಮೆತ್ತಿ, ಕೂಲರ್ 35 ಡಿಗ್ರಿಗೆ ಏರಿತೆನ್ನಿ. ಆಗ ಸುಮಾರು 40 ಗ್ರಾಂ ದಾಟಿಹೋಗುತ್ತದೆ. ಆ ಅನಿಲ 25 ಡಿಗ್ರಿಯ ಎ.ಸಿ. ಕೋಣೆಗೆ ಬಂದರೆ ಅಲ್ಲಿ 23 ಗ್ರಾಮಿಗಷ್ಟೇ ಜಾಗ, ಉಳಿದದ್ದು ಕೊಳವೆಯೊಳಗೇ ನೀರಾಗುತ್ತದೆ. ಗಂಧಕದ ಡೈಆಕ್ಸೈಡ್ ಆ ನೀರಿನಲ್ಲಿ ಕರಗುವುದರಿಂದ ಪರದೆಯ ಮೇಲೆ ಹೊಗೆ ಇದ್ದದ್ದಕ್ಕಿಂತ ಶುದ್ಧವಾಗಿ ಕಾಣುತ್ತದೆ. ತಾಪಮಾನದ ಅಲಾರಂ ಒತ್ತಿ ಸುಮ್ಮನಾಗಿಸುವುದನ್ನು ನಾನು ಒಪ್ಪದಿರುವುದು ಇದಕ್ಕೇ. ಹರಿವಿನ ಅಲಾರಂ ಬರುವ ಮುಂಚೆಯೇ ಲೆಕ್ಕ ತಪ್ಪಿರುತ್ತದೆ.

ತಾಪಮಾನದ ಅಂಕಿಯೇ ಸುಳ್ಳಿರಬಹುದು, ಅದನ್ನೂ ನೋಡಬೇಕು. ಪಿಟಿ-100 ಸೆನ್ಸರಿನ ರೋಧ 0 ಡಿಗ್ರಿಯಲ್ಲಿ 100 ಓಮ್, 100 ಡಿಗ್ರಿಯಲ್ಲಿ 138.5 ಓಮ್. ತಂತಿ ಕಡಿದಿದ್ದರೆ ಸಾಮಾನ್ಯವಾಗಿ ಅಸಾಧ್ಯವೆನಿಸುವಷ್ಟು ಹೆಚ್ಚಿನ ತಾಪ ತೋರಿಸುತ್ತದೆ, ಶಾರ್ಟ್ ಆಗಿದ್ದರೆ ತೀರಾ ಕಡಿಮೆ. ಬಿಸಿ ಕೊಳವೆಯ ಹೀಟರ್ ಬದಲಿಸುವ ಮುಂಚೆ ಸೆನ್ಸರಿನ ತಂತಿ ಬಿಡಿಸಿ ಮಲ್ಟಿಮೀಟರ್ ಹಿಡಿಯುವುದು ಒಂದೇ ನಿಮಿಷದ ಕೆಲಸ.

ಸೋರಿಕೆ ನೋಡಲು ಪ್ರೋಬ್ ತುದಿಯ ಕವಾಟ ಮುಚ್ಚಿ. ಗುಂಡು ಪೂರ್ತಿ ಕೆಳಗಿಳಿಯಬೇಕು. ಇಳಿಯದಿದ್ದರೆ ಎಲ್ಲೋ ಹೊರಗಾಳಿ ನುಗ್ಗುತ್ತಿದೆ, ಆಮ್ಲಜನಕದ ಅಂಕಿಯೂ ಶೇ. 20.9ರ ಕಡೆ ಸರಿಯುತ್ತದೆ. ಊದುಕುಲುಮೆಯ ಅನಿಲದ ಕೊಳವೆಯಾದರೆ ಒಬ್ಬರೇ ಕೈ ಹಾಕಬೇಡಿ. ಅದರಲ್ಲಿ ಶೇ. 20ರ ಆಸುಪಾಸು ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆಯಿಲ್ಲ. ಮೈಮೇಲೆ ಡಿಟೆಕ್ಟರ್, ಪಕ್ಕದಲ್ಲಿ ಇನ್ನೊಬ್ಬರು ಇರಲೇಬೇಕು.

ರಿಪೇರಿ ಮುಗಿದ ಮೇಲೆ ಕ್ಯಾಲಿಬ್ರೇಷನ್ ಅನಿಲವನ್ನು ಅನಲೈಸರಿಗೆ ನೇರವಾಗಿ ಕೊಟ್ಟು ಅಂಕಿ ಬರೆದುಕೊಳ್ಳಿ, ಆಮೇಲೆ ಅದನ್ನೇ ಪ್ರೋಬ್ ತುದಿಯಿಂದ ಬಿಡಿ. ಎರಡು ಅಂಕಿಗಳು ಹೊಂದದಿದ್ದರೆ ದಾರಿಯ ದೋಷ ಇನ್ನೂ ಉಳಿದಿದೆ.