ನಿಮ್ಮ ಮೆಸೇಜ್‌ನ ಧಾಟಿ ಎಐಗೆ ಹೇಗೆ ಗೊತ್ತಾಗುತ್ತೆ?

"ರಿಪೋರ್ಟ್ ಇನ್ನೂ ಬಂದಿಲ್ಲ. ಇವತ್ತೇ ಕಳಿಸಿ."

ಆಫೀಸಲ್ಲಿ ಹೀಗೆ ಬರೆದ್ರೆ ಎಐ ಟೂಲ್ "ಸ್ವಲ್ಪ ಗಡುಸಾಯ್ತು" ಅನ್ನುತ್ತೆ. ಅದಕ್ಕೆ ಹೇಗೆ ಗೊತ್ತಾಯ್ತು?

ಅದು ನೋಡೋದು ಸುಳಿವುಗಳನ್ನ: ಪದಗಳ ಆಯ್ಕೆ, ವಾಕ್ಯದ ಉದ್ದ, ಚಿಹ್ನೆಗಳು, ವಿನಂತಿಯೋ ಆಜ್ಞೆಯೋ ಅನ್ನೋದು. "ಇದು ವಿನಯ, ಇದು ಒರಟು" ಅಂತ ಜನ ಗುರುತು ಹಾಕಿಕೊಟ್ಟ ರಾಶಿ ವಾಕ್ಯಗಳಿಂದ ಕಲಿತು, ನಿಮ್ಮ ವಾಕ್ಯ ಯಾವುದಕ್ಕೆ ಹತ್ತಿರ ಅಂತ ಲೆಕ್ಕ ಹಾಕುತ್ತೆ. ಬರಹ ತಿದ್ದೋ ಟೂಲ್ ಗ್ರಾಮರ್ಲಿ 2019ರಲ್ಲೇ ಇಂಗ್ಲಿಷ್‌ಗೆ ಇಂಥ ಟೋನ್ ಡಿಟೆಕ್ಟರ್ ತಂದಿತ್ತು.

"ಮೃದುವಾಗಿ ಬರೆ" ಅಂದ್ರೆ? ಇವತ್ತಿನ ಭಾಷಾ ಮಾದರಿಗಳು ಮುಂದಿನ ಪದ ಯಾವುದಿರಬಹುದು ಅಂತ ಊಹಿಸುತ್ತಾ ಹೊಸ ವಾಕ್ಯ ಕಟ್ಟುತ್ತವೆ:

"ನಿಮ್ಮ ರಿಪೋರ್ಟ್‌ಗೆ ಕಾಯ್ತಿದ್ದೀನಿ. ಇವತ್ತು ಕಳಿಸೋಕಾಗುತ್ತಾ?"

ಕೇಳಿದ್ದು ಅದೇ. ಆಜ್ಞೆ ಹೋಗಿ ಪ್ರಶ್ನೆ ಬಂತು, ಅಷ್ಟೆ.

ಆದ್ರೆ ಒಂದು ಎಚ್ಚರ. ಧಾರವಾಡದ ಗೆಳೆಯರ ಸಲುಗೆಯ ಏಕವಚನ ಟೂಲ್‌ಗೆ ಒರಟಾಗಿ ಕಾಣಬಹುದು. ಎದುರಿಗಿರೋರು ನಿಮಗೆ ಏನಾಗಬೇಕು ಅನ್ನೋದು ವಾಕ್ಯದಲ್ಲಿ ಬರೆದಿರೋದಿಲ್ಲವಲ್ಲ!

ಹಾಗಾಗಿ ಯಾರಿಗೆ, ಯಾಕೆ ಬರೀತಿದ್ದೀರಿ ಅಂತ ಟೂಲ್‌ಗೆ ಮೊದಲೇ ಹೇಳಿ. ಅದು ಕೊಟ್ಟಿದ್ದನ್ನ ಒಮ್ಮೆ ಜೋರಾಗಿ ಓದಿ. ನಿಮ್ಮ ಮಾತು ಅನ್ನಿಸಿದ್ರೆ ಮಾತ್ರ ಕಳಿಸಿ.